'ಆಸ್ಟ್ರಸೈಜ್' ಪದದ ಬೇರು ಹುಡುಕುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಯಾರನ್ನಾದರೂ ಗುಂಪಿನಿಂದ ಹೊರಗಿಡುವುದಕ್ಕೆ ಇಂಗ್ಲಿಷಿನಲ್ಲಿ 'ಆಸ್ಟ್ರಸೈಜ್' ಎಂಬ ಕ್ರಿಯಾಪದವಿದೆ. ಅದರ ನಾಮಪದ 'ಆಸ್ಟ್ರಸಿಸಂ'. ನಿಘಂಟು ತೆರೆದರೆ ಮೂಲ ಒಂದೇ ಸಾಲಿನಲ್ಲಿ ಸಿಗುತ್ತದೆ: ಗ್ರೀಕಿನ 'ಒಸ್ಟ್ರಕೊನ್', ಅಂದರೆ ಮಡಕೆಯ ಚೂರು. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಸಾಲೇನೋ ಸರಿಯಾಗಿದೆ. ಆದರೆ ಮಡಕೆ ಚೂರು ಮನುಷ್ಯರನ್ನು ಹೊರಹಾಕುವ ಕೆಲಸಕ್ಕೆ ಹೇಗೆ ಬಂತು, ಪದ ಯಾವ ದಾರಿ ಹಿಡಿದು ಇಂಗ್ಲಿಷಿಗೆ ಸೇರಿತು, ದಾರಿಯಲ್ಲಿ ಅರ್ಥ ಎಲ್ಲಿ ತಿರುಗಿತು, ನಮ್ಮ 'ಅಸ್ಥಿ'ಗೂ ಅದಕ್ಕೂ ನಂಟಿದೆ ಎನ್ನುವುದು ನಿಜವೇ ಎಂಬುದನ್ನೆಲ್ಲ ಆಧಾರವಿಟ್ಟು ಹೇಳಬೇಕಾದರೆ ಒಂದು ಕ್ರಮ ಬೇಕು. ಆ ಕ್ರಮವನ್ನು ಇಲ್ಲಿ ಈ ಒಂದೇ ಪದದ ಮೇಲೆ ನಡೆಸಿ ತೋರಿಸಿದೆ. ಗ್ರೀಕ್ ಬರಬೇಕೆಂದಿಲ್ಲ, ಗ್ರೀಕ್ ಅಕ್ಷರಮಾಲೆಯ 24 ಅಕ್ಷರಗಳ ಪರಿಚಯವಿದ್ದರೆ ಸಾಕು. ಅದು ಒಂದು ಸಂಜೆಯ ಕೆಲಸ.

ಶುರು ಮಾಡುವ ಮುನ್ನ

ನಾಲ್ಕು ಬಗೆಯ ನಿಘಂಟುಗಳು ಬೇಕು. ಇಂಗ್ಲಿಷಿಗೆ, ಪ್ರತಿ ಅರ್ಥದ ಮೊದಲ ಬಳಕೆಯ ವರ್ಷ ಕೊಡುವ ಚಾರಿತ್ರಿಕ ನಿಘಂಟು. ಇದರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯನ್ನು ಮೀರಿಸಿದ್ದು ಇಲ್ಲ. ಅದಕ್ಕೆ ಚಂದಾ ಬೇಕು, ಆದರೆ ಅನೇಕ ವಿಶ್ವವಿದ್ಯಾಲಯ ಗ್ರಂಥಾಲಯಗಳು ಒದಗಿಸುತ್ತವೆ. ಗ್ರೀಕಿಗೆ ಲಿಡೆಲ್ ಮತ್ತು ಸ್ಕಾಟ್ ಅವರ ಕೋಶ. ಅದು ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತ. ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್. ಅದರ ಡಿಜಿಟಲ್ ರೂಪ ಕಲೋನ್ ವಿಶ್ವವಿದ್ಯಾಲಯದ ತಾಣದಲ್ಲಿದೆ. ಕನ್ನಡಕ್ಕೆ 1894ರ ಕಿಟೆಲ್ ಕೋಶ, ಜೊತೆಗೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆದುಕೊಳ್ಳಿ: ರೂಪ, ಭಾಷೆ, ಕಾಲ, ಆಧಾರ. ಕೊನೆಯ ಕಾಲಂ ಖಾಲಿ ಉಳಿದ ಸಾಲನ್ನು ಬರಹಕ್ಕೆ ತರಬೇಡಿ. ಈ ಕೆಲಸದಲ್ಲಿ ತಪ್ಪು ನುಗ್ಗುವುದು ಬಹುಪಾಲು ಆ ಖಾಲಿ ಜಾಗದಿಂದಲೇ.

ಗ್ರೀಕ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಗ್ರೀಕಿನಲ್ಲಿ ಹ್ರಸ್ವ ಒ (ಒಮಿಕ್ರಾನ್) ಮತ್ತು ದೀರ್ಘ ಓ (ಒಮೆಗಾ), ಹ್ರಸ್ವ ಎ (ಎಪ್ಸಿಲಾನ್) ಮತ್ತು ದೀರ್ಘ ಏ (ಈಟಾ) ಬೇರೆ ಬೇರೆ ಅಕ್ಷರಗಳು. ರೋಮನ್ ಲಿಪಿಯಲ್ಲಿ ಮೇಲೆ ಗೆರೆ ಹಾಕದಿದ್ದರೆ ಈ ಭೇದ ಅಳಿಸಿಹೋಗುತ್ತದೆ, ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ರೂಢಿಯ ಅಕ್ಷರವೇ ಇಲ್ಲ. ಕನ್ನಡದಲ್ಲಿ ಅದು ತಾನಾಗಿ ಉಳಿಯುತ್ತದೆ. ಆರನೆಯ ಹಂತಕ್ಕೆ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಹಂತ 1: ಪದದ ಸಂಸಾರವನ್ನು ಒಟ್ಟುಮಾಡಿ

ಒಂದೇ ರೂಪ ಹಿಡಿದು ಹೊರಡಬೇಡಿ. ಇಂಗ್ಲಿಷಿನಲ್ಲಿರುವುದು: ಆಸ್ಟ್ರಸಿಸಂ, ಆಸ್ಟ್ರಸೈಜ್, ಪುರಾತತ್ತ್ವದವರು ಬರಹವಿರುವ ಮಡಕೆ ಚೂರಿಗೆ ಹೇಳುವ ಆಸ್ಟ್ರಕಾನ್, ಜೀವಶಾಸ್ತ್ರದವರು ಎರಡು ಚಿಪ್ಪಿನ ನಡುವೆ ಬದುಕುವ ಪುಟ್ಟ ಜಲಚರಕ್ಕೆ ಹೇಳುವ ಆಸ್ಟ್ರಕಾಡ್. ಈ ನಾಲ್ಕನ್ನು ಪಕ್ಕಪಕ್ಕ ಇಟ್ಟೊಡನೆ ಎರಡು ಸುಳಿವು ಕಾಣುತ್ತವೆ. ಒಂದು, ಮೂಲ ಪದಕ್ಕೆ 'ಮಡಕೆ ಚೂರು' ಮತ್ತು 'ಚಿಪ್ಪು' ಎರಡೂ ಅರ್ಥ ಇದ್ದಿರಬೇಕು. ಎರಡು, ಮೊದಲಿನ ಎರಡರಲ್ಲಿ 'ಸ' ಕೇಳುವ ಕಡೆ ಕೊನೆಯ ಎರಡರಲ್ಲಿ 'ಕ' ಕೇಳುತ್ತದೆ. ಇದಕ್ಕೆ ಕಾರಣ ಮೂರನೆಯ ಹಂತದಲ್ಲಿದೆ.

ಹಂತ 2: ಕಾಲ ಮೊದಲು, ಕಥೆ ಆಮೇಲೆ

ಇಂಗ್ಲಿಷಿನಲ್ಲಿ ನಾಮಪದ 16ನೇ ಶತಮಾನದ ಕೊನೆಯ ದಶಕಗಳಲ್ಲಿ ಕಾಣಿಸುತ್ತದೆ, ಕ್ರಿಯಾಪದ 17ನೇ ಶತಮಾನದ ನಡುಭಾಗದಲ್ಲಿ. ಅಂದರೆ ಇಂಗ್ಲಿಷ್ ಓದುಗರಿಗೆ ಇದು ಮೊದಲು ಒಂದು ಗ್ರೀಕ್ ಪದ್ಧತಿಯ (ಪ್ರಾಚೀನ ಅಥೆನ್ಸಿನಲ್ಲಿ ಮಡಕೆ ಚೂರಿನ ಮತದಿಂದ ಒಬ್ಬನನ್ನು ಊರಿನಿಂದ ಹೊರಹಾಕುವುದು) ಹೆಸರಾಗಿ ಪರಿಚಯವಾಯಿತು, ಎರಡು ತಲೆಮಾರಿನ ನಂತರ ತಾವೇ ಮಾಡಬಹುದಾದ ಕೆಲಸದ ಹೆಸರಾಯಿತು.

ಆ ಕಾಲಕ್ಕೇ ಏಕೆ ಎಂದು ಕೇಳಿಕೊಳ್ಳಬೇಕು. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನ ಜೀವನಚರಿತ್ರೆಗಳನ್ನು ಜಾಕ್ ಅಮ್ಯೋ 1559ರಲ್ಲಿ ಫ್ರೆಂಚಿಗೆ ತಂದ. ಆ ಫ್ರೆಂಚಿನಿಂದ ಥಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷಿಗೆ ತಂದ. ಈ ಪದ್ಧತಿಯ ಬಗ್ಗೆ ಪ್ಲುಟಾರ್ಕ್ ಅರಿಸ್ಟೈಡೀಸ್, ಥೆಮಿಸ್ಟೊಕ್ಲೀಸ್, ಅಲ್ಸಿಬಯಾಡೀಸ್, ನಿಕಿಯಾಸ್ ಎಂಬ ಅಥೆನ್ಸಿನ ನಾಯಕರ ಜೀವನಗಳಲ್ಲಿ ವಿವರವಾಗಿ ಬರೆದಿದ್ದಾನೆ. ಪದ ಕಾಣಿಸಿಕೊಂಡ ಕಾಲವೂ ವಿಷಯ ಹರಡಿದ ಕಾಲವೂ ಹೀಗೆ ಒಂದಕ್ಕೊಂದು ಕೂಡಿಬಂದರೆ ನಿಮ್ಮ ಸಾಲು ಗಟ್ಟಿ.

ಇಲ್ಲಿ ಆಗುವ ತಪ್ಪು: ನಿಘಂಟು ಕೊಡುವ ವರ್ಷವನ್ನು ಪದ ಹುಟ್ಟಿದ ವರ್ಷವೆಂದು ಬರೆಯುವುದು. ಅದು ಸಿಕ್ಕಿದ ಮೊದಲ ಲಿಖಿತ ಬಳಕೆಯ ವರ್ಷ ಮಾತ್ರ. ಇನ್ನೊಂದು ಹಳೆಯ ಪುಸ್ತಕ ಸಿಕ್ಕರೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ 'ದಾಖಲೆಯಲ್ಲಿ ಸಿಗುವುದು' ಎಂದೇ ಬರೆಯಿರಿ.

ಹಂತ 3: ಪ್ರಯಾಣದ ಗುರುತು ಪದದ ಮೈಮೇಲೆ ಇರುತ್ತದೆ

ಗ್ರೀಕಿನಲ್ಲಿ ಕ್ರಿಯಾಪದ 'ಒಸ್ಟ್ರಕಿಜೇನ್', ನಾಮಪದ 'ಒಸ್ಟ್ರಕಿಸ್ಮೊಸ್'. ಎರಡರಲ್ಲೂ ಸ್ಪಷ್ಟವಾದ ಕಕಾರ. ಲ್ಯಾಟಿನ್ ಆ ಕಕಾರವನ್ನು 'ಸಿ' ಅಕ್ಷರದಿಂದ ಬರೆಯಿತು. ಮುಂದೆ ಫ್ರೆಂಚಿನಲ್ಲಿ ಇ, ಎ ಸ್ವರಗಳ ಮುಂದೆ ಆ ಅಕ್ಷರ ಸಕಾರವಾಗಿ ಉಚ್ಚಾರವಾಯಿತು. ಇಂಗ್ಲಿಷ್ ಆ ರೂಢಿಯನ್ನು ಹಾಗೆಯೇ ಎತ್ತಿಕೊಂಡಿತು. ಆದ್ದರಿಂದ 'ಆಸ್ಟ್ರಸಿಸಂ'. 'ಆಸ್ಟ್ರಕಾನ್' ಪದದಲ್ಲಿ ಆ ಅಕ್ಷರದ ಮುಂದಿರುವುದು 'ಒ' ಸ್ವರ, ಹಾಗಾಗಿ ಕಕಾರ ಉಳಿಯಿತು. ಒಂದೇ ಮನೆಯ ಎರಡು ಪದಗಳು ಬೇರೆ ಬೇರೆ ಕೇಳುವುದಕ್ಕೆ ಇಷ್ಟೇ ಕಾರಣ.

ಬಾಲವನ್ನೂ ಪರೀಕ್ಷಿಸಿ. ಇಂಗ್ಲಿಷಿನ 'ಐಜ್' ಪ್ರತ್ಯಯ ಗ್ರೀಕಿನ 'ಇಜೇನ್' ಎಂಬುದರಿಂದ ಉತ್ತರಕಾಲದ ಲ್ಯಾಟಿನಿನ 'ಇಜಾರೆ', ಫ್ರೆಂಚಿನ 'ಇಜೇ' ಮೂಲಕ ಬಂದದ್ದು. ಕೊನೆಯಲ್ಲಿ 'ಝಡ್' ಅಕ್ಷರ ಬರೆದರೆ ಅಮೆರಿಕದ ಕಾಗುಣಿತ, 'ಎಸ್' ಬರೆದರೆ ಬ್ರಿಟಿಷ್ ಎಂದು ಶಾಲೆಯಲ್ಲಿ ಹೇಳಿಕೊಡುವುದುಂಟು. ಆಕ್ಸ್‌ಫರ್ಡ್ ನಿಘಂಟು ಮೊದಲಿಂದಲೂ 'ಝಡ್' ರೂಪವನ್ನೇ ಮುಂದಿಟ್ಟಿದೆ, ಏಕೆಂದರೆ ಗ್ರೀಕಿನಲ್ಲಿ ಇರುವುದು ಜೀಟಾ ಅಕ್ಷರ. 'ಎಸ್' ಬಂದದ್ದು ಫ್ರೆಂಚಿನ ಪ್ರಭಾವದಿಂದ. ಎರಡೂ ಸರಿ, ನಿಮ್ಮ ಟಿಪ್ಪಣಿಯಲ್ಲಿ ಎರಡನ್ನೂ ನಮೂದಿಸಿ.

ನಿಘಂಟಿನ ಚಿಹ್ನೆಗಳನ್ನು ಓದುವಾಗ ಎಚ್ಚರ. 'ಇಂಥದ್ದರಿಂದ ಬಂದದ್ದು' ಎನ್ನುವುದೇ ಬೇರೆ, 'ಇಂಥದ್ದನ್ನು ಹೋಲಿಸಿ' ಎನ್ನುವುದೇ ಬೇರೆ. ಎರಡನೆಯದು ಅಣ್ಣತಮ್ಮಂದಿರ ಸಂಬಂಧ, ತಂದೆಮಗನದ್ದಲ್ಲ. ನಕ್ಷತ್ರ ಚಿಹ್ನೆ ಇರುವ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಹೋಲಿಕೆಯಿಂದ ಕಟ್ಟಿಕೊಂಡದ್ದು ಎಂದರ್ಥ.

ಹಂತ 4: ಪದದ ಹಿಂದಿರುವ ವಸ್ತುವನ್ನು ನೋಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಈ ಪದದ ಮಟ್ಟಿಗೆ ನಾವು ಅದೃಷ್ಟವಂತರು: ಬಹಳ ಪದಗಳಿಗೆ ಪುಸ್ತಕದ ಸಾಕ್ಷಿ ಮಾತ್ರ ಇರುತ್ತದೆ, ಇದಕ್ಕೆ ಮಣ್ಣಿನಿಂದ ಅಗೆದು ತೆಗೆದ ಸಾಕ್ಷಿ ಸಾವಿರಗಟ್ಟಲೆ ಇದೆ.

ಮೊದಲು ಪದ್ಧತಿಯನ್ನು ಕ್ರಮವಾಗಿ ಬರೆದುಕೊಳ್ಳಿ. ಅಥೆನ್ಸಿನ ವರ್ಷವನ್ನು ಆಡಳಿತಕ್ಕಾಗಿ ಪ್ರಿಟನಿ ಎಂಬ ಹತ್ತು ಭಾಗ ಮಾಡಿದ್ದರು. ಒಂದೊಂದು ಸುಮಾರು 35 ದಿನ. ಆರನೆಯ ಪ್ರಿಟನಿಯಲ್ಲಿ ಜನಸಭೆಯ ಮುಂದೆ ಒಂದೇ ಪ್ರಶ್ನೆ ಬರುತ್ತಿತ್ತು: ಈ ವರ್ಷ ಇಂಥ ಮತದಾನ ಬೇಕೇ, ಬೇಡವೇ? ಯಾರ ಹೆಸರನ್ನೂ ಎತ್ತುವಂತಿರಲಿಲ್ಲ. ಬೇಕೆಂದರೆ ಎಂಟನೆಯ ಪ್ರಿಟನಿಯಲ್ಲಿ ಮತದಾನ. ಅಗೋರಾ ಎಂಬ ಪೇಟೆ ಬಯಲಿನ ಒಂದು ಭಾಗಕ್ಕೆ ಬೇಲಿ ಹಾಕಿ, ಹತ್ತು ಬುಡಕಟ್ಟುಗಳಿಗೆ ಹತ್ತು ಬಾಗಿಲು ಬಿಡುತ್ತಿದ್ದರು. ಪ್ರತಿಯೊಬ್ಬ ನಾಗರಿಕನೂ ತನಗೆ ಬೇಡವಾದವನ ಹೆಸರು ಗೀಚಿದ ಮಡಕೆ ಚೂರನ್ನು ಬರಹ ಕೆಳಮುಖವಾಗಿ ಹಿಡಿದು ತನ್ನ ಬುಡಕಟ್ಟಿನ ಬಾಗಿಲಿನಿಂದ ಒಳಗೆ ಕೊಡುತ್ತಿದ್ದ. ಆರ್ಕನ್ ಎಂಬ ಒಂಬತ್ತು ಮುಖ್ಯ ಅಧಿಕಾರಿಗಳೂ ಐನೂರು ಸದಸ್ಯರ ಮಂಡಳಿಯೂ ಮೇಲ್ವಿಚಾರಣೆಗೆ ನಿಲ್ಲುತ್ತಿದ್ದರು. ಆರೋಪಪಟ್ಟಿ ಇಲ್ಲ, ವಾದ ಇಲ್ಲ, ಪ್ರತಿವಾದ ಇಲ್ಲ. ಹೆಚ್ಚು ಚೂರು ಬಿದ್ದವನು ಹತ್ತು ದಿನದೊಳಗೆ ಅಥೆನ್ಸಿನ ಸುತ್ತಲಿನ ಆಟಿಕಾ ಪ್ರಾಂತ ಬಿಡಬೇಕು, ಹತ್ತು ವರ್ಷ ಮರಳುವಂತಿಲ್ಲ. ಆದರೆ ಆಸ್ತಿ ಅವನದೇ, ಅದರ ಆದಾಯ ಅವನದೇ, ಪೌರತ್ವವೂ ಅವನದೇ. ಅವಧಿ ಮುಗಿದ ಮೇಲೆ ತಲೆಯೆತ್ತಿ ವಾಪಸು ಬರಬಹುದಿತ್ತು.

ಚೂರೇ ಏಕೆ? ಪಪೈರಸ್ ಈಜಿಪ್ಟಿನಿಂದ ಬರಬೇಕಿತ್ತು, ಅದಕ್ಕೆ ದುಡ್ಡು ಬೇಕು. ಒಡೆದ ಮಡಕೆ ಬೀದಿ ಬೀದಿಯಲ್ಲಿ ಬಿದ್ದಿರುತ್ತಿತ್ತು. ನಮ್ಮ ಕುಂಟೆಬಿಲ್ಲೆ ಆಟದ ಬೋಕಿ ಬಿಲ್ಲೆಯಷ್ಟು ಅಗಲದ ಚೂರಿನ ಮೇಲೆ ಮೊನೆಯಿಂದ ಗೀಚಿದರೆ ಹೆಸರು ಕೂರುತ್ತದೆ, ಅಳಿಸಿ ತಿದ್ದಲು ಬರುವುದಿಲ್ಲ.

6,000 ಎಂಬ ಸಂಖ್ಯೆಯಲ್ಲಿ ಎಲ್ಲರೂ ಎಡವುತ್ತಾರೆ. ಪ್ಲುಟಾರ್ಕನ ಪ್ರಕಾರ ಒಟ್ಟು ಬಿದ್ದ ಚೂರು ಕನಿಷ್ಠ 6,000 ಇರಬೇಕು. ಫಿಲೊಕೊರಸ್ ಎಂಬ ಇತಿಹಾಸಕಾರನ ತುಣುಕಿನ ಪ್ರಕಾರ ಒಬ್ಬನ ವಿರುದ್ಧವೇ 6,000 ಬೀಳಬೇಕು. ಅದು ಒಟ್ಟು ಹಾಜರಾತಿಯ ಮಿತಿಯೆಂಬ ಪ್ಲುಟಾರ್ಕನ ಮಾತನ್ನೇ ಇಂದಿನ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಬರೆಯುವಾಗ ಯಾರ ಮಾತು ಎಂದು ಹೇಳಿ ಬರೆಯಿರಿ. ಬರೀ '6,000 ಮತ ಬೇಕಿತ್ತು' ಎಂದರೆ ಓದುವವರು ಎರಡರಲ್ಲಿ ಯಾವುದನ್ನಾದರೂ ತಿಳಿದಾರು.

ವರ್ಷಗಳಲ್ಲೂ ಒಂದು ತೊಡಕಿದೆ. ಅಥೆನ್ಸಿನ ವರ್ಷ ಬೇಸಗೆಯ ನಡುವೆ ಶುರುವಾಗುತ್ತಿತ್ತು, ಆದ್ದರಿಂದ ನಮ್ಮ ಎರಡು ವರ್ಷಗಳ ಮೇಲೆ ಚಾಚಿಕೊಳ್ಳುತ್ತದೆ. ಮೊದಲ ಪ್ರಯೋಗ ಕ್ರಿ.ಪೂ. 488/7ರಲ್ಲಿ. ಕೆಲವು ಪುಸ್ತಕಗಳಲ್ಲಿ 488, ಕೆಲವುಗಳಲ್ಲಿ 487 ಎಂದಿರುವುದು ಈ ಕಾರಣಕ್ಕೆ. ಮತದಾನ ನಡೆಯುತ್ತಿದ್ದುದು ಚಳಿಗಾಲ ಕಳೆಯುವ ಹೊತ್ತಿಗೆ, ಎಂಟನೆಯ ಭಾಗದಲ್ಲಿ. ಹಾಗಾಗಿ ಜೋಡಿಯ ಎರಡನೆಯ ಸಂಖ್ಯೆ ಹಿಡಿಯುವುದು ಸರಿ, ಅಂದರೆ 487. ಆ ವರ್ಷ ಹೊರಹೋದವನು ಕಾರ್ಮಸನ ಮಗ ಹಿಪ್ಪಾರ್ಕಸ್. 486ರಲ್ಲಿ ಮೆಗಕ್ಲೀಸ್, 484ರಲ್ಲಿ ಪೆರಿಕ್ಲೀಸನ ತಂದೆ ಕ್ಸಾಂಥಿಪ್ಪಸ್, 482ರಲ್ಲಿ ಅರಿಸ್ಟೈಡೀಸ್. 480ರ ಪರ್ಷಿಯನ್ ದಾಳಿಯ ಹೊತ್ತಿಗೆ ಹೊರಗಿದ್ದವರನ್ನೆಲ್ಲ ವಾಪಸು ಕರೆಸಿಕೊಂಡರು. ಅರಿಸ್ಟೈಡೀಸ್ ಮರಳಿ ಬಂದು 479ರಲ್ಲಿ ಪ್ಲಾಟಿಯಾ ಕದನದಲ್ಲಿ ಅಥೆನ್ಸಿನ ಸೇನೆ ನಡೆಸಿದ. ಸುಮಾರು 471ರಲ್ಲಿ ಥೆಮಿಸ್ಟೊಕ್ಲೀಸ್, 461ರಲ್ಲಿ ಕಿಮೋನ್. 417 ಮತ್ತು 415ರ ನಡುವೆ ಹೈಪರ್‌ಬೊಲಸ್ ಎಂಬವನ ಸರದಿ: ಹೋಗಬೇಕಾದವರು ನಿಕಿಯಾಸ್ ಅಥವಾ ಅಲ್ಸಿಬಯಾಡೀಸ್ ಎಂದು ಊರೆಲ್ಲ ಅಂದುಕೊಂಡಿರುವಾಗ ಅವರಿಬ್ಬರ ಬೆಂಬಲಿಗರು ಒಂದಾಗಿ ಮೂರನೆಯವನನ್ನು ಹೊರಹಾಕಿಸಿದರು. ಅದೇ ಕೊನೆ. ಕಾನೂನು ಉಳಿಯಿತು, ಪ್ರತಿ ವರ್ಷ ಪ್ರಶ್ನೆಯನ್ನು ಕೇಳುವುದೂ ಉಳಿಯಿತು, ಮತದಾನ ಮಾತ್ರ ಮತ್ತೆ ನಡೆದ ದಾಖಲೆಯಿಲ್ಲ.

ಈ ಪಟ್ಟಿಯ ಬಹುಪಾಲು ನಮಗೆ ಸಿಗುವುದು ಅಥೆನ್ಸಿನ ಸಂವಿಧಾನದ ಬಗ್ಗೆ ಅರಿಸ್ಟಾಟಲನ ಹೆಸರಿನಲ್ಲಿರುವ ಗ್ರಂಥದಿಂದ. ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿದ ಅದು 1891ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಆದ್ದರಿಂದ 1891ಕ್ಕಿಂತ ಹಿಂದಿನ ವಿಶ್ವಕೋಶ, ನಿಘಂಟುಗಳಲ್ಲಿ ಈ ವಿಷಯದ ಮೇಲಿರುವ ಟಿಪ್ಪಣಿಗಳನ್ನು ನೇರವಾಗಿ ಎತ್ತಿಕೊಳ್ಳಬೇಡಿ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಹಳೆಯ ಪುಸ್ತಕಗಳು ಹೆಚ್ಚಾಗಿ ಅದೇ ಕಾಲದವು.

ಈಗ ಚೂರುಗಳಿಗೆ ಬನ್ನಿ. ಅಥೆನ್ಸಿನಲ್ಲಿ ಸಿಕ್ಕಿರುವ ಇಂಥ ಚೂರುಗಳು ಹತ್ತು ಸಾವಿರ ದಾಟುತ್ತವೆ. 1960ರ ದಶಕದಲ್ಲಿ ಕೆರಮೈಕಾಸ್ ಎಂಬ ಕುಂಬಾರರ ಬಡಾವಣೆಯಲ್ಲಿ ಜರ್ಮನ್ ಉತ್ಖನನಕಾರರಿಗೆ ಒಂದೇ ಕಡೆ ಸುಮಾರು 8,500 ಸಿಕ್ಕವು; ಅವುಗಳಲ್ಲಿ ಅರ್ಧದ ಹತ್ತಿರ ಮೆಗಕ್ಲೀಸನ ಹೆಸರಿನವು. ಬರೀ ಹೆಸರಿಗೆ ನಿಲ್ಲದವರೂ ಇದ್ದಾರೆ: ಅವನನ್ನು ಕುದುರೆ ಸಾಕುವವನೆಂದು ಹೀಗಳೆದವರು, ಶಾಪಗ್ರಸ್ತನೆಂದು ಬೈದವರು. ಕಲ್ಲಿಯಾಸ್ ಎಂಬವನನ್ನು ಪರ್ಷಿಯಾದ ಪಕ್ಷಪಾತಿ ಎಂದು ತೋರಿಸಲು ಪರ್ಷಿಯನ್ ಉಡುಪಿನ ಚಿತ್ರ ಬಿಡಿಸಿದವನೂ ಇದ್ದಾನೆ. ಕೆಲವು ಚೂರುಗಳಲ್ಲಿ ವ್ಯಕ್ತಿಯ ಹೆಸರೇ ಇಲ್ಲ. 'ಲಿಮೊಸ್', ಅಂದರೆ ಹಸಿವು, ಬರಗಾಲ, ಎಂದಿದೆ. ಬರಗಾಲವನ್ನೇ ಊರು ಬಿಡಿಸಬೇಕೆಂದು ಮತ ಹಾಕಿದ ಆ ಮನುಷ್ಯರ ಚೂರುಗಳು ಒಂದು ಪದದ ಚರಿತ್ರೆಗೆ ಸಿಗಬಹುದಾದ ಅತ್ಯಮೂಲ್ಯ ಸಾಕ್ಷಿ.

1937ರಲ್ಲಿ ಅಥೆನ್ಸಿನ ಕೋಟೆಗುಡ್ಡ ಅಕ್ರೊಪೊಲಿಸ್ಸಿನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲೀಸನ ಹೆಸರಿನ ಸುಮಾರು 190 ಚೂರುಗಳು ಸಿಕ್ಕವು. ಕೈಬರಹ ಹೋಲಿಸಿದಾಗ ಅಷ್ಟನ್ನೂ ಬರೆದವರು ಹದಿನಾಲ್ಕೇ ಮಂದಿ ಎಂದು ಕಂಡುಬಂತು. ಯಾರೋ ಗುಂಪು ಕೂತು ಮೊದಲೇ ಬರೆದು, ಬಾಗಿಲಲ್ಲಿ ಹಂಚಲು ಇಟ್ಟುಕೊಂಡದ್ದು ಇರಬೇಕು. ಅಕ್ಷರ ಬಾರದವನೊಬ್ಬ ಎದುರಿಗಿರುವವನೇ ಅರಿಸ್ಟೈಡೀಸ್ ಎಂದು ತಿಳಿಯದೆ, ಚೂರಿನ ಮೇಲೆ ಅರಿಸ್ಟೈಡೀಸ್ ಎಂದು ಬರೆದುಕೊಡು ಎಂದು ಅವನನ್ನೇ ಕೇಳಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಹೇಳುವ ಪ್ಲುಟಾರ್ಕ್ ಆ ಘಟನೆಗೆ ಐದು ಶತಮಾನ ದಾಟಿದ ಮೇಲಿನವನು. ಆಧಾರದ ಕಾಲಂನಲ್ಲಿ ಕಥೆಯನ್ನು ಕಥೆಯೆಂದೂ ಬಾವಿಯ ಚೂರನ್ನು ಚೂರೆಂದೂ ಬೇರೆ ಬೇರೆ ನಮೂದಿಸಿ.

ಚೂರಿನ ಚಿತ್ರ ನೋಡಿ ಓದುವ ಆಸೆಯಿದ್ದರೆ ಒಂದು ಮಾತು. ಅಥೆನ್ಸ್ ಕ್ರಿ.ಪೂ. 403ರಲ್ಲಿ ಅಯೋನಿಯಾ ಎಂಬ ಪೂರ್ವದ ಗ್ರೀಕ್ ಪ್ರದೇಶದ ಅಕ್ಷರಮಾಲೆಯನ್ನು ಅಧಿಕೃತವಾಗಿ ಒಪ್ಪಿತು. ಅದಕ್ಕೆ ಮುಂಚೆ ಹ್ರಸ್ವ ಎ, ದೀರ್ಘ ಏ ಎರಡಕ್ಕೂ ಒಂದೇ ಅಕ್ಷರ. ಒ, ಓಗಳಿಗೂ ಹಾಗೆಯೇ. ಜೊತೆಗೆ ಜನ ಮಾತಿನ ಜಾಡಿನಲ್ಲಿ ಬರೆಯುತ್ತಿದ್ದರು: ಬಹಳ ಚೂರುಗಳಲ್ಲಿ 'ಥೆಮಿಸ್ಥೊಕ್ಲೆಸ್' ಎಂದು ಮಹಾಪ್ರಾಣವಿದೆ. ಪುಸ್ತಕದ ಕಾಗುಣಿತ ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಹೆಸರು ಗುರುತು ಸಿಗುವುದಿಲ್ಲ.

ಹಂತ 5: ಅರ್ಥ ತಿರುಗಿದ ಜಾಗ ಗುರುತಿಸಿ

ಗ್ರೀಕಿನಲ್ಲಿ ಸಾಮಾನ್ಯ ದೇಶಾಂತರ ಶಿಕ್ಷೆಗೆ 'ಫುಗೇ' ಎಂಬ ಬೇರೆ ಪದವೇ ಇತ್ತು. ಅದು ಅಪರಾಧಕ್ಕೆ ಬೀಳುವುದು, ಆಸ್ತಿ ಮುಟ್ಟುಗೋಲಾಗುವುದೂ ಇತ್ತು. 'ಒಸ್ಟ್ರಕಿಜೇನ್' ಎಂದರೆ ಈ ಚೂರಿನ ಮತದಾನದಿಂದ ಹೊರಹಾಕುವುದು. ಅವಧಿ ಗೊತ್ತು, ನಿಯಮ ಗೊತ್ತು, ಮಾನ ಉಳಿಯುತ್ತದೆ.

17ನೇ ಶತಮಾನದ ಇಂಗ್ಲಿಷಿನಲ್ಲಿ ಪದ ರೂಪಕವಾಗಿ ಬಳಕೆಯಾಗತೊಡಗಿದಾಗ ಉಳಿದದ್ದು ಒಂದೇ ಎಳೆ: ಬಹುಜನರು ಕೂಡಿ ಒಬ್ಬನನ್ನು ಹೊರಗಿಡುವುದು. ಮತದಾನ ಹೋಯಿತು, ಹತ್ತು ವರ್ಷದ ಮಿತಿ ಹೋಯಿತು, ಮರಳುವ ಹಕ್ಕೂ ಹೋಯಿತು. ಇಂದು ಶಾಲೆಯಲ್ಲಿ ಒಂದು ಮಗುವಿನ ಜೊತೆ ಯಾರೂ ಮಾತಾಡದಿರುವುದಕ್ಕೂ ಇದೇ ಪದ. ಅಥೆನ್ಸಿನ ಪದ್ಧತಿ ಬಲಿಷ್ಠರನ್ನು ತಡೆಯಲು ಹುಟ್ಟಿದ್ದು. ಇಂದಿನ ಬಳಕೆಯಲ್ಲಿ ಹೊರಬೀಳುವವರು ಹೆಚ್ಚಾಗಿ ದುರ್ಬಲರು. ನಿರುಕ್ತಿ ಬರೆಯುವವರು ಈ ತಿರುವನ್ನು ಬಿಟ್ಟುಬಿಟ್ಟರೆ, ಇಂದಿನ ಕ್ರೌರ್ಯವನ್ನು ಅಥೆನ್ಸಿಗೂ ಅಥೆನ್ಸಿನ ನಿಯಮವನ್ನು ಇಂದಿನ ಗುಂಪುಗಾರಿಕೆಗೂ ಅಂಟಿಸಿದಂತಾಗುತ್ತದೆ. ಎರಡೂ ಅನ್ಯಾಯ.

ಹಂತ 6: ಗ್ರೀಕಿನಾಚೆ, ಅಸ್ಥಿಯವರೆಗೆ

'ಒಸ್ಟ್ರಕೊನ್' ಪದದ ಹತ್ತಿರದ ಬಂಧುಗಳು ಗ್ರೀಕಿನಲ್ಲೇ ಇವೆ: 'ಒಸ್ಟ್ರೆಯೊನ್' ಎಂದರೆ ಸಿಂಪಿ, 'ಒಸ್ಟೆಯೊನ್' ಎಂದರೆ ಮೂಳೆ. ಸಿಂಪಿಗೆ ಇಂಗ್ಲಿಷರು ಹೇಳುವ 'ಆಯ್‌ಸ್ಟರ್' ಮೊದಲಿನದರಿಂದ ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಬಂದದ್ದು. ಎರಡನೆಯದು ಮೂಳೆ ಸವೆತದ 'ಆಸ್ಟಿಯೊಪೊರೋಸಿಸ್' ಎಂಬ ಹೆಸರಿನಲ್ಲಿ ನಮ್ಮ ಆಸ್ಪತ್ರೆಗಳಿಗೂ ಬಂದಿದೆ. ಮೂಳೆ, ಚಿಪ್ಪು, ಮಡಕೆ ಚೂರು ಮೂರೂ ಗಟ್ಟಿ, ತೆಳು, ಒಡೆಯುವಂಥವು. ಕನ್ನಡದವರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಾವೂ ಕಪ್ಪೆಚಿಪ್ಪು ಎನ್ನುತ್ತೇವೆ, ತೆಂಗಿನ ಚಿಪ್ಪು ಎನ್ನುತ್ತೇವೆ, ಮೊಣಕಾಲಿನ ಮೂಳೆಗೂ ಮಂಡಿಚಿಪ್ಪು ಎನ್ನುತ್ತೇವೆ. ಹಳೆಯ ಪದ 'ಓಡು' ಮಡಕೆ ಚೂರಿಗೂ ಹೆಂಚಿಗೂ ಸಲ್ಲುತ್ತದೆ, 'ತಲೆಯೋಡು' ಎಂದಾಗ ಬುರುಡೆಗೂ. ತಮಿಳಿನಲ್ಲಿ ಅದೇ ಪದ ಆಮೆಯ ಚಿಪ್ಪಿಗೂ ಇದೆ. ಇವು ದ್ರಾವಿಡ ಪದಗಳು, ಗ್ರೀಕಿಗೆ ಬಂಧುಗಳಲ್ಲ. ಅರ್ಥ ಹರಡುವ ದಾರಿ ಮಾತ್ರ ಒಂದೇ.

'ಅಸ್ಥಿ' ಮಾತ್ರ ನಿಜವಾದ ಬಂಧು. ಅಸ್ಥಿಪಂಜರ, ಅಸ್ಥಿಮಜ್ಜೆ ಎಂದು ನಾವು ಬಳಸುವ ಆ ಸಂಸ್ಕೃತ ಪದ, ಗ್ರೀಕಿನ 'ಒಸ್ಟೆಯೊನ್', ಲ್ಯಾಟಿನಿನ 'ಒಸ್', ಇಂದಿನ ಟರ್ಕಿಯ ಪ್ರಾಚೀನ ಭಾಷೆ ಹಿಟ್ಟೈಟಿನ 'ಹಸ್ತಾಯ್' ಎಲ್ಲವೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಆದರೆ ಕಿವಿಗೆ ಹೋಲುತ್ತದೆ ಎಂಬುದು ಆಧಾರವಾಗುವುದಿಲ್ಲ. ಧ್ವನಿಗಳು ಕ್ರಮವಾಗಿ ಹೊಂದುತ್ತವೆಯೇ ಎಂದು ಒಂದೊಂದಾಗಿ ತಾಳೆ ನೋಡಬೇಕು.

ಮೊದಲ ಸ್ವರ: ಮೂಲದ ಹ್ರಸ್ವ ಅ, ಎ, ಒ ಮೂರೂ ಸಂಸ್ಕೃತದಲ್ಲಿ 'ಅ' ಆಗಿಬಿಟ್ಟವು, ಗ್ರೀಕ್ ಮೂರನ್ನೂ ಬೇರೆಯಾಗಿ ಉಳಿಸಿಕೊಂಡಿತು. ಹಾಗಾಗಿ ಗ್ರೀಕಿನ ಹ್ರಸ್ವ 'ಒ' ಇರುವ ಕಡೆ ಸಂಸ್ಕೃತದಲ್ಲಿ 'ಅ' ನಿರೀಕ್ಷಿಸಬಹುದು. ಅಷ್ಟ ಮತ್ತು ಒಕ್ಟೋ, ಪತಿ ಮತ್ತು ಪೊಸಿಸ್, ಕಾಲಿನ ಎಂಬ ಅರ್ಥದ ಪದಃ ಮತ್ತು ಪೊಡೊಸ್. ಅಸ್ಥಿ, ಒಸ್ಟೆಯೊನ್ ಇದೇ ಸಾಲಿಗೆ ಸೇರುತ್ತವೆ. ಮಹಾಪ್ರಾಣ: ಸಂಸ್ಕೃತದ 'ಸ್ಥ' ಎದುರಿಗೆ ಗ್ರೀಕಿನಲ್ಲಿ ಬರೀ 'ಸ್ಟ' ಬರುವುದು ಬೇರೆಡೆಯೂ ಇದೆ, ಸ್ಥಿತ ಎಂಬುದಕ್ಕೆ ಸರಿಸಮ ಗ್ರೀಕಿನ 'ಸ್ಟಟೊಸ್'. ಎರಡೂ ಹೊಂದಿದವು, ಅರ್ಥವೂ ಹೊಂದಿತು. ಸಾಲನ್ನು ಹಾಳೆಗೆ ಏರಿಸಿ.

ಈಗ ಹೊಂದದ ಒಂದನ್ನು ತಾಳೆ ನೋಡಿ. 'ಓಷ್ಠ' ಕೇಳಲು ಒಸ್ಟ್ರಕೊನ್‌ಗೆ ಇನ್ನೂ ಹತ್ತಿರ. ಆದರೆ ಸಂಸ್ಕೃತದ 'ಓ' ಹುಟ್ಟಿದ್ದು ಹಳೆಯ 'ಅಉ' ಜೋಡಿಸ್ವರದಿಂದ. ಅದರ ಎದುರಿಗೆ ಗ್ರೀಕಿನಲ್ಲೂ ಜೋಡಿಸ್ವರವೇ ಬರಬೇಕು, ಒಂಟಿ ಹ್ರಸ್ವ ಒ ಬರಲಾರದು. ಆದ್ದರಿಂದ ನಂಟಿಲ್ಲ. ಲ್ಯಾಟಿನಿನಲ್ಲೂ ಇಂಥದೇ ಗುಂಡಿಯೊಂದಿದೆ: 'ಒಸ್' ಎಂದರೆ ಮೂಳೆ, 'ಓಸ್' ಎಂದರೆ ಬಾಯಿ. ರೋಮನ್ ಲಿಪಿಯಲ್ಲಿ ಎರಡನ್ನೂ ಒಂದೇ ಥರ ಬರೆಯುವುದರಿಂದ ಇಂಗ್ಲಿಷ್ ಓದುಗರು ಗೊಂದಲಕ್ಕೆ ಬೀಳುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡ ನಿಮಗೆ ಆ ಕಷ್ಟವಿಲ್ಲ.

ಹಂತ 7: ಸುಳ್ಳು ನಂಟುಗಳನ್ನು ಕಿತ್ತುಹಾಕಿ

ಉಷ್ಟ್ರಪಕ್ಷಿಯ ಇಂಗ್ಲಿಷ್ ಹೆಸರು 'ಆಸ್ಟ್ರಿಚ್' ಗ್ರೀಕಿನ 'ಸ್ಟ್ರೂಥೊಸ್' ಎಂಬ ಹಕ್ಕಿಯ ಪದದಿಂದ ಬಂದದ್ದು, ಮೊದಲಿನ ಸ್ವರ ಹಕ್ಕಿ ಎಂಬರ್ಥದ ಲ್ಯಾಟಿನ್ 'ಅವಿಸ್' ಅಂಟಿಕೊಂಡು ಉಳಿದ ಕುರುಹು. ಹಳೆಯ ಬುಡಕಟ್ಟೊಂದರ ಹೆಸರು 'ಆಸ್ಟ್ರೊಗಾಥ್' ಜರ್ಮ್ಯಾನಿಕ್ ಪದ. ಕನ್ನಡದ 'ಆಸ್ತಿ'ಯನ್ನು ಅಸ್ಥಿಯ ಜೊತೆ ತರಬೇಡಿ.

ಇವೆಲ್ಲಕ್ಕಿಂತ ಹಠಮಾರಿಯಾದದ್ದು 'ಅಥೆನ್ಸಿನವರು ಸಿಂಪಿಯ ಚಿಪ್ಪಿನಲ್ಲಿ ಮತ ಹಾಕುತ್ತಿದ್ದರು' ಎಂಬ ಮಾತು. ಒಸ್ಟ್ರಕೊನ್ ಪದಕ್ಕೆ ಚಿಪ್ಪು ಎಂಬ ಅರ್ಥವೂ ಇರುವುದರಿಂದ, ಸಿಂಪಿಯ ಪದ ಅದರ ಬಂಧುವೂ ಆಗಿರುವುದರಿಂದ ಹಳೆಯ ಇಂಗ್ಲಿಷ್ ಲೇಖಕರಲ್ಲಿ ಇದು ಹರಡಿತ್ತು. ಪದಗಳ ನಂಟು ನಿಜ, ಪದ್ಧತಿಯ ವಿವರಣೆ ತಪ್ಪು. ಅಗೆದಾಗ ಸಿಕ್ಕಿದ್ದು ಬಟ್ಟಲಿನ ಬುಡ, ಮಡಕೆಯ ಹೊಟ್ಟೆ, ಹೆಂಚಿನ ತುಂಡು.

ಎಲೆಯ ಮೇಲೆ ಬರೆಯುತ್ತಿದ್ದರು ಎಂಬುದೂ ಕೇಳಿಬರುತ್ತದೆ. ಅದು ಸುಳ್ಳಲ್ಲ, ಊರು ಬೇರೆ. ಸಿಸಿಲಿಯ ಸಿರಾಕ್ಯೂಸಿನಲ್ಲಿ ಕ್ರಿ.ಪೂ. 5ನೇ ಶತಮಾನದ ನಡುವೆ ಅಥೆನ್ಸನ್ನು ನೋಡಿ ತಂದ ಪದ್ಧತಿಗೆ ಆಲಿವ್ ಎಲೆ ಬಳಸಿದರು, ಅವಧಿ ಐದು ವರ್ಷ. ಎಲೆಗೆ ಗ್ರೀಕಿನಲ್ಲಿ 'ಪೆಟಲೊನ್', ಹಾಗಾಗಿ ಅದರ ಹೆಸರು ಪೆಟಲಿಸ್ಮೊಸ್. ಹೂವಿನ ದಳಕ್ಕೆ ಇಂಗ್ಲಿಷಿನಲ್ಲಿ 'ಪೆಟಲ್' ಎನ್ನುವುದೂ ಅದರಿಂದಲೇ. ಯೋಗ್ಯರೆಲ್ಲ ಹೆದರಿ ಸಾರ್ವಜನಿಕ ಜೀವನದಿಂದ ಹಿಂದೆ ಸರಿದದ್ದರಿಂದ ಸಿರಾಕ್ಯೂಸ್ ಬೇಗನೆ ಆ ಕಾನೂನು ತೆಗೆದುಹಾಕಿತು ಎನ್ನುತ್ತಾನೆ ಇತಿಹಾಸಕಾರ ಡಿಯೊಡೊರಸ್.

ಹಂತ 8: ಕನ್ನಡದಲ್ಲಿ ಏನೆಂದು ಬರೆಯುವುದು

ಇಂದಿನ ಸಾಮಾಜಿಕ ಅರ್ಥಕ್ಕೆ 'ಬಹಿಷ್ಕಾರ ಹಾಕು' ಸರಿಹೊಂದುತ್ತದೆ. ಆದರೆ ವಿದೇಶಿ ಬಟ್ಟೆಯ ಬಹಿಷ್ಕಾರ ಎಂದಾಗ ಅದೇ ಪದ 'ಬಾಯ್‌ಕಾಟ್' ಕೆಲಸ ಮಾಡುತ್ತದೆ. 1880ರಲ್ಲಿ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಚಾರ್ಲ್ಸ್ ಬಾಯ್‌ಕಾಟ್ ಎಂಬ ಜಮೀನ್ದಾರಿ ಏಜೆಂಟನಿಂದ ಬಂದ ಆ ಪದದ ಚರಿತ್ರೆಯೇ ಬೇರೆ. ಒಂದೇ ಲೇಖನದಲ್ಲಿ ಎರಡೂ ಬಂದರೆ ಇದಕ್ಕೆ 'ಸಾಮಾಜಿಕ ಬಹಿಷ್ಕಾರ' ಎಂದು ಬಿಡಿಸಿ ಹೇಳಿ. ಸ್ನೇಹಿತರ ಗುಂಪಿನ ಮಟ್ಟಿಗಾದರೆ 'ದೂರವಿಡು' ಸಾಕು. ಬಹಿಷ್ಕಾರ ಅಲ್ಲಿ ಭಾರವಾಗುತ್ತದೆ.

ಅಥೆನ್ಸಿನ ಪದ್ಧತಿಗೆ ಇವ್ಯಾವುವೂ ಕೂಡುವುದಿಲ್ಲ. 'ದೇಶಭ್ರಷ್ಟ' ಎಂದರೆ ಅರಿಸ್ಟೈಡೀಸನಿಗೆ ಇಲ್ಲದ ಕಳಂಕ ಹತ್ತುತ್ತದೆ. 'ಗಡೀಪಾರು' ಅವಧಿಯ ದೃಷ್ಟಿಯಿಂದ ಹತ್ತಿರ, ಆದರೆ ಕರ್ನಾಟಕದ ಓದುಗರಿಗೆ ಆ ಪದದೊಂದಿಗೆ ನೆನಪಾಗುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ರೌಡಿಗಳ ಮೇಲೆ ಹೊರಡುವ ಆದೇಶ. ಅಥೆನ್ಸಿನಲ್ಲಿ ಅಪರಾಧವೇ ಇರಲಿಲ್ಲ. 'ಚೂರುಮತ' ಅಥವಾ 'ಓಡುಮತದ ಗಡೀಪಾರು' ಎಂದು ಮೊದಲ ಬಾರಿ ವಿವರಿಸಿ, ಮುಂದೆ 'ಆಸ್ಟ್ರಸಿಸಂ' ಎಂದೇ ಮುಂದುವರಿಸುವುದು ನಾವು ಮಾಡುವ ಶಿಫಾರಸು.

ಹಾಳೆಯಿಂದ ಟಿಪ್ಪಣಿ ಹೀಗೆ ಇಳಿಯಬೇಕು:

ಆಸ್ಟ್ರಸೈಜ್, ಕ್ರಿ. ಇಂಗ್ಲಿಷಿನಲ್ಲಿ 17ನೇ ಶತಮಾನದ ನಡುವಿನಿಂದ ದಾಖಲೆ. ನಾಮಪದ ಆಸ್ಟ್ರಸಿಸಂ ಅದಕ್ಕಿಂತ ಹಿಂದಿನದು, 16ನೇ ಶತಮಾನದ ಅಂತ್ಯ. ಗ್ರೀಕಿನ ಒಸ್ಟ್ರಕಿಜೇನ್ ಎಂಬುದರಿಂದ. ನಾಮಪದ ಗ್ರೀಕಿನ ಒಸ್ಟ್ರಕಿಸ್ಮೊಸ್‌ನಿಂದ, ಲ್ಯಾಟಿನ್ ಮತ್ತು ಫ್ರೆಂಚ್ ರೂಪಗಳ ಪ್ರಭಾವದೊಂದಿಗೆ. ಧಾತು ಒಸ್ಟ್ರಕೊನ್, ಮಡಕೆ ಚೂರು, ಚಿಪ್ಪು. ಮೊದಲ ಅರ್ಥ: ಅಥೆನ್ಸಿನಲ್ಲಿ ಚೂರಿನ ಮತದಿಂದ ಹತ್ತು ವರ್ಷ ಹೊರಹಾಕು (ಪ್ರಯೋಗ ಕ್ರಿ.ಪೂ. 487ರಿಂದ ಸುಮಾರು 415ರವರೆಗೆ). ಇಂದಿನ ಅರ್ಥ: ಗುಂಪಾಗಿ ಒಬ್ಬರನ್ನು ಹೊರಗಿಡು. ಹೋಲಿಸಿ: ಗ್ರೀಕ್ ಒಸ್ಟೆಯೊನ್, ಲ್ಯಾಟಿನ್ ಒಸ್, ಸಂಸ್ಕೃತ ಅಸ್ಥಿ.

'ಹೋಲಿಸಿ' ಎಂಬ ಪದ ಎಲ್ಲಿದೆ ನೋಡಿ. ಅಸ್ಥಿಯನ್ನು ಅದರ ಆಚೆಗೆ ಇಟ್ಟರೆ ಟಿಪ್ಪಣಿ ಸರಿ. 'ಎಂಬುದರಿಂದ' ಎನ್ನುವ ಕಡೆಗೆ ತಂದರೆ ಇಂಗ್ಲಿಷ್ ಪದ ಸಂಸ್ಕೃತದಿಂದ ಹುಟ್ಟಿತು ಎಂದು ಹೇಳಿದಂತಾಗುತ್ತದೆ, ಅದಕ್ಕೆ ಆಧಾರದ ಕಾಲಂನಲ್ಲಿ ಬರೆಯಲು ಏನೂ ಇಲ್ಲ.